ಭರಣಿ ಮಳಿಯಾಗ ಗುಡ್ಡ ಹತ್ತೋರು ಮೊದಲ ಗಡಿಯಾರ ನೋಡ್ರಿ

ಏಪ್ರಿಲ್ ಕಡೀ ವಾರ ಬಂತಂದ್ರ ಹುಬ್ಬಳ್ಳಿ-ಧಾರವಾಡದ ಟ್ರೆಕ್ಕಿಂಗ್ ಮಂದಿ ಬಾಯಾಗ ಒಂದ ಪ್ರಶ್ನೆ: ಯಾವ ರೇನ್‌ಕೋಟ್ ಛಲೋ? ರೇನ್‌ಕೋಟಿನ ಮಾತು ಆಮ್ಯಾಲೆ. ಗುಡ್ಡ ಎಷ್ಟು ಗಂಟೆಕ್ಕ ಇಳೀತೀರಿ, ಅದನ್ನ ಮೊದಲ ಹೇಳ್ರಿ. ಎಂಟಕ್ಕ ನಾಷ್ಟಾ ಮಾಡಿ ಹುಬ್ಬಳ್ಳಿ ಬಿಟ್ಟು, ಹತ್ತೂವರಿಗೆ ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡಕ್ಕ ಮುಟ್ಟೋ ಲೆಕ್ಕ ಚಳಿಗಾಲಕ್ಕ ನಡೀತದ. ಭರಣಿ, ಕೃತ್ತಿಕಾ ಮಳಿ ದಿನದಾಗ ನಡಿಯಂಗಿಲ್ಲ.

ಯಾಕಂದ್ರ ನಮ್ಮ ಕಡೆ ಮುಂಗಾರಿಗಿಂತ ಮೊದಲಿನ ಮಳಿ ಹುಟ್ಟೋದ ಬಿಸಲಿನಿಂದ. ಮುಂಜಾನಿಂದ ನೆಲ ಕಾದು, ಬಿಸಿ ಗಾಳಿ ಮ್ಯಾಲೇರಿ, ಮಧ್ಯಾಹ್ನ ಎರಡು-ಮೂರರ ಹೊತ್ತಿಗೆ ಗೋಪುರದಂಥಾ ಮೋಡ ನಿಲ್ತಾವ. ಧಗಿ ಕಡಿಮಿ ಆಗಿ ಒಮ್ಮಿಂದೊಮ್ಮೆ ತಣ್ಣನ ಗಾಳಿ ಧೂಳು ಎಬ್ಬಿಸಿಕೊಂತ ಬಂತಂದ್ರ ‘ಆಹಾ’ ಅನಬ್ಯಾಡ್ರಿ, ಮೋಡದ ಹೊಟ್ಟ್ಯಾಗಿನ ಗಾಳಿ ಅದು. ಸಿಡಿಲಿಗೆ ಇನ್ನ ಭಾಳ ಹೊತ್ತಿಲ್ಲ.

ಹಂಗಾಗಿ ಲೆಕ್ಕ ಹಿಂದಿನಿಂದ ಹಾಕ್ರಿ. ಸಮತಟ್ಟಿನಾಗ ತಾಸಿಗೆ 5 ಕಿ.ಮೀ., ಏರು 600 ಮೀಟರಿಗೆ ಒಂದು ತಾಸು ಹೆಚ್ಚಿಗೆ, ಇದು ನೇಯ್ಸ್‌ಮಿತ್ ಅನ್ನೋ ಸ್ಕಾಟ್ಲೆಂಡಿನ ಗುಡ್ಡಗಾರ 1892ರಾಗ ಹಾಕಿದ ಲೆಕ್ಕ. ಹೋಗಿ ಬರೋ ದಾರಿ 12 ಕಿ.ಮೀ., 600 ಮೀಟರ್ ಏರು ಅಂದ್ರ ಸುಮಾರು ಮೂರೂವರೆ ತಾಸು. ಆದ್ರ ಆ ಪುಣ್ಯಾತ್ಮನ ಹೆಗಲ ಮ್ಯಾಲೆ ನಿಮ್ಮಷ್ಟು ಹೊರಿ ಇರಲಿಲ್ಲ. ಕಪ್ಪತಗುಡ್ಡದ ಉರುಳೋ ಕಲ್ಲು, ಹತ್ತು ಕಿಲೋ ಬ್ಯಾಗು ಸೇರಿದ್ರ ಒಂದೂವರೆ ಪಟ್ಟು ಹಿಡೀರಿ. ಮ್ಯಾಲೆ ಒಂದು ತಾಸು ವಿಶ್ರಾಂತಿ. ಆರಕ್ಕ ಹೆಜ್ಜಿ ಇಟ್ರ ಹನ್ನೆರಡೂವರಿಗೆ ಬುಡದಾಗ ಇರ್ತೀರಿ. ಗುಡ್ಡ 2019ರಿಂದ ವನ್ಯಜೀವಿಧಾಮ, ಅರಣ್ಯ ಇಲಾಖೆ ಅನುಮತಿ ಹಿಂದಿನ ದಿನನ ತಗೋರಿ. ಅದ ದಿನ ಮುಂಜಾನೆ ಕೇಳಾಕ ಹೋದ್ರ ಈ ಲೆಕ್ಕ ಅಲ್ಲೇ ಕೆಡ್ತದ.

ಅಷ್ಟಾದ್ರೂ ಮಿಂಚಿಗೆ ಸಿಕ್ರೆಂದ್ರ ಮಿಂಚು ಕಂಡ ಕೂಡ್ಲೆ ಎಣಸ್ರಿ. ಗುಡುಗು ಮೂರು ಸೆಕೆಂಡ್ ತಡಾ ಆದ್ರ ಒಂದು ಕಿ.ಮೀ. ದೂರ. ಮೂವತ್ತರೊಳಗ ಕೇಳಿತಂದ್ರ ಹತ್ತು ಕಿ.ಮೀ. ಒಳಗ ಅದ, ಗುಡ್ಡದ ನೆತ್ತಿ ಬಿಡ್ರಿ. ಕಡೀ ಗುಡುಗು ಆದಮ್ಯಾಲೆ ಅರ್ಧಾ ತಾಸು ಮ್ಯಾಲೆ ಹೋಗಬ್ಯಾಡ್ರಿ. ಒಂಟಿ ಗಿಡ, ತೆರೆದ ಮಂಟಪ, ಬಂಡೆಗಲ್ಲಿನ ಕೆಳಗಿನ ಪೊಟರೆ, ಮೂರೂ ಮಳಿಗೆ ಆಸರ, ಸಿಡಿಲಿಗೆ ಅಲ್ಲ. ಗಾಳಿಯಂತ್ರದ ಕಂಬದ ಬುಡಕ್ಕ ನಿಲ್ಲೋರೂ ಇದ್ದಾರ! ರೆಕ್ಕಿಗೆ ಬಡಿದ ಸಿಡಿಲು ಕಂಬದಾಗ ಇಳಿದು ನೆಲದಾಗ ಹರಡ್ತದ. ಆಗ ಎರಡು ಕಾಲಿನ ನಡುವಿನ ಅಂತರನ ಸಾಕು, ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳೀತದ. ಬಾಗಿಲು-ಗಾಜು ಹಾಕಿದ ಕಾರು ಸುರಕ್ಷಿತ, ಬೈಕು ಅಲ್ಲ. ಏನೂ ಇಲ್ಲಂದ್ರ ತಗ್ಗಿನಾಗ, ಒಬ್ಬರಿಗೊಬ್ಬರು 15-20 ಮೀಟರ್ ದೂರ, ಕಾಲು ಕೂಡಿಸಿ ಕುಕ್ಕರಗಾಲಿನಾಗ ಕೂಡ್ರಿ, ಮಲಗಬ್ಯಾಡ್ರಿ. ಸಿಡಿಲು ಬಡಿದವರನ್ನ ಮುಟ್ಟಿದ್ರ ಶಾಕ್ ಹೊಡಿಯಂಗಿಲ್ಲ. ಉಸಿರಿಲ್ಲಂದ್ರ ತಡಾ ಮಾಡದ ಎದಿ ನಡುವ ನಿಮಿಷಕ್ಕ 100-120 ಸಲ ಒತ್ತರಿ, ಇನ್ನೊಬ್ಬರು 108ಕ್ಕ ಫೋನ್ ಮಾಡ್ರಿ. ಸಿಡಿಲಿನ ಮುನ್ಸೂಚನೆ ಕೊಡೋ ‘ದಾಮಿನಿ’, ‘ಸಿಡಿಲು’ ಆ್ಯಪ್ ಮೊಬೈಲಿನಾಗ ಇರಲಿ, ಆದ್ರ ನೆಟ್‌ವರ್ಕ್ ಹೋದಲ್ಲೆ ಅವೂ ಸುಮ್ಮನಾಗ್ತಾವ. ಕಣ್ಣು ಮೋಡದ ಕಡೇನ ಇರಲಿ.

ಈಗ ರೇನ್‌ಕೋಟಿಗೆ ಬರೋಣು. ಬ್ಯಾಗಿನ ಮ್ಯಾಲಿನ ರೇನ್ ಕವರ್ ನಂಬಬ್ಯಾಡ್ರಿ, ಬೆನ್ನಿನ ಕಡೆಯಿಂದ ನೀರು ಇಳೀತದ. ಬ್ಯಾಗಿನ ಒಳಗ ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ, ಸಾಮಾನು ತುಂಬಿ ಬಾಯಿ ತಿರುವಿ ಕಟ್ಟರಿ. ಇಪ್ಪತ್ತು-ಮೂವತ್ತು ರೂಪಾಯಿದಾಗ ಕೆಲಸ ಮುಗೀತು. ಜೀನ್ಸ್ ಮನ್ಯಾಗ ಇರಲಿ: ಹತ್ತಿ ಒಮ್ಮೆ ತೊಯ್ದ್ರ ದಿನಾ ಪೂರ್ತಿ ಒಣಗಂಗಿಲ್ಲ, ಮೈ ಕಾವು ಎಳೀತದ. ಉಣ್ಣೆ ಬಟ್ಟಿ ತೊಯ್ದ್ರೂ ಎಳಿಗಳ ನಡುವ ಗಾಳಿ ಹಿಡಕೊಂಡು ಬೆಚ್ಚಗ ಇಡ್ತದ, ನಮ್ಮ ಕುರಿಗಾರರು ಕಂಬಳಿ ಸುಮ್ಮನ ಹೊರಂಗಿಲ್ಲ. 20 ಡಿಗ್ರಿ ಇದ್ರೂ ತೊಯ್ದ ಮೈಗೆ ಗಾಳಿ ಹೊಡದ್ರ ನಡುಕ ಹುಟ್ತದ. ಮಾತು ತೊದಲಿದ್ರ, ಗುಂಡಿ ಹಾಕಾಕ ಬೆರಳು ಬಗ್ಗದಿದ್ರ ಅಲ್ಲೇ ನಿಂತು ಒಣ ಬಟ್ಟಿ ಹಾಕಿಸಿ, ಕರದಂಟು ತಿನಸ್ರಿ. ಬೆಲ್ಲ, ಕೊಬ್ಬರಿ, ಅಂಟು ಇರೋ ಕರದಂಟಿಗೆ ಸಮ ಆಗೋ ಎನರ್ಜಿ ಬಾರ್ ನಂಗಂತೂ ಗೊತ್ತಿಲ್ಲ. ಕಡಕ್ ರೊಟ್ಟಿ ಒಯ್ಯೋದಾದ್ರ ಬಿಗಿ ಮುಚ್ಚಳದ ಡಬ್ಬಿನ ಬೇಕು, ಇಲ್ಲಂದ್ರ ಮಳಿ ಹಸಿಗೆ ತೊಗಲಾಗ್ತದ.

ಇಳಿಯೋವಾಗ ಹಳ್ಳ ಬಂದಿರ್ತದ. ನೀರು ಕೆಂಪಾಗಿ, ಕಸ-ಕಡ್ಡಿ ತೇಲಿ ಬರಾಕ ಹತ್ತಿದ್ರ ಇನ್ನೂ ಏರೂದದ. ಮೊಣಕಾಲಿಗಿಂತ ಮ್ಯಾಲೆ ರಭಸದ ನೀರಿದ್ರ ದಾಟಬ್ಯಾಡ್ರಿ. ಗುಡ್ಡದ ಸಣ್ಣ ಹಳ್ಳ ಮಳಿ ನಿಂತ ಎರಡು-ಮೂರು ತಾಸಿನಾಗ ಸಾಮಾನ್ಯ ಇಳೀತದ. ದಾಟಲೇಬೇಕಂದ್ರ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚರಿ, ನೀರು ಬರೋ ದಿಕ್ಕಿಗೆ ಮುಖ ಮಾಡಿ, ಕೋಲೂರಿ, ಅಡ್ಡಡ್ಡ ಸರೀರಿ. ಸೊಂಟಕ್ಕ ಹಗ್ಗ ಕಟಗೋಬ್ಯಾಡ್ರಿ, ಕಾಲು ಜಾರಿದ್ರ ಅದ ಹಗ್ಗ ನಿಮ್ಮನ್ನ ನೀರಿನೊಳಗ ಹಿಡಿದಿಡ್ತದ.