ಹೋಟೆಲ್ ಬರಲಿ, ಬೆಟ್ಟವೂ ಕಾಣಲಿ

ಹೋಟೆಲ್ ಬೇಡ ಅಂತ ನಮ್ಮೂರಿನ ಆ ಬೀದಿಯ ಜನ ಹೇಳುತ್ತಿಲ್ಲ. ಚೆನ್ನಾಗಿ ಕಟ್ಟಿ ಅಂತ ಹೇಳುತ್ತಿದ್ದಾರೆ. ಇಷ್ಟು ಸಣ್ಣ ಮಾತು ಚಿತ್ರದುರ್ಗದಲ್ಲಿ ಇಷ್ಟು ದೊಡ್ಡ ಜಗಳ ಆಗಿದೆಯಲ್ಲ ಅಂತ ದೂರದಲ್ಲಿರುವ ನನಗೆ ಸಂಕಟವಾಗುತ್ತಿದೆ.

ವಿಷಯ ಇಷ್ಟು. ಊರ ನಡುವೆ, ಹಳೇ ಪೇಟೆಗೆ ಹತ್ತಿರ, ಮೊದಲು ಗೋಡೌನ್ ಇದ್ದ ಜಾಗದಲ್ಲಿ ಒಂದು ದೊಡ್ಡ ಲಾಡ್ಜಿಂಗ್ ಹೋಟೆಲ್ ಬರುತ್ತಿದೆ. ಮಾಲೀಕರು ಊರಿನವರೇ, ಹೆಸರು ಇಲ್ಲಿ ಬೇಡ. ಅದು ಹೇಗೆ ಕಾಣುತ್ತದೆ ಅನ್ನುವ ಚಿತ್ರವನ್ನು ಭಾವ ವಾಟ್ಸಾಪ್‌ನಲ್ಲಿ ಕಳಿಸಿದರು. ಮುಂದೆ ಪೂರ್ತಿ ನೀಲಿ ಗಾಜು. ಎರಡೂ ಪಕ್ಕದಲ್ಲಿ ಎಸಿಪಿ ಶೀಟು, ಅಂದರೆ ಗೋಡೆಗೆ ಹೊದಿಸುವ ಅಲ್ಯೂಮಿನಿಯಂ ಹಾಳೆ. ರಸ್ತೆ ಮಟ್ಟದಲ್ಲಿ ಕಾರು ಇಳಿಯುವ ಇಳಿಜಾರು, ಒಂದು ಕಬ್ಬಿಣದ ಗೇಟು, ಆಮೇಲೆ ಉದ್ದಕ್ಕೂ ಬರೀ ಗೋಡೆ. ಈ ಚಿತ್ರದಲ್ಲಿ ಹಿಂದೆ ಬೆಟ್ಟವೇ ಇಲ್ಲ, ನೀಲಿ ಆಕಾಶ ಬರೆದಿದ್ದಾರೆ. ಚಿತ್ರ ಮಾಡಿದವರು ಆ ಬೀದಿಗೆ ಬಂದು ನಿಂತು ನೋಡಿಲ್ಲ ಅಂತ ನನಗೆ ಆಗಲೇ ಅನಿಸಿತು.

ಬೀದಿಯ ಜನ ಸೇರಿ ಒಂದು ಮನವಿ ಬರೆದರು. ನಿವೃತ್ತ ಮೇಷ್ಟ್ರು, ಬಟ್ಟೆ ಅಂಗಡಿಯವರು, ಒಬ್ಬ ಸಿವಿಲ್ ಇಂಜಿನಿಯರ್, ಹೂವು ಮಾರುವ ಹೆಂಗಸರು ಕೂಡ ಸಹಿ ಹಾಕಿದ್ದಾರೆ. ಅದರಲ್ಲಿ ಕೇಳಿದ್ದು ಏನು? ಮೇಲಿನ ಮಹಡಿಗಳನ್ನು ರಸ್ತೆಯಿಂದ ಸ್ವಲ್ಪ ಹಿಂದಕ್ಕೆ ಸರಿಸಿ, ಬೀದಿಯಲ್ಲಿ ನಡೆಯುವವರಿಗೆ ಕೋಟೆ ಬೆಟ್ಟ ಕಾಣಲಿ. ಕೆಳಗೆ ಬರೀ ಗೇಟು ಬೇಡ, ನಾಲ್ಕು ಅಂಗಡಿ ಇರಲಿ, ನಿಲ್ಲಲು ನೆರಳಿರಲಿ. ಪಡುವಣ ಬಿಸಿಲು ಬೀಳುವ ಕಡೆ ಗಾಜು ಕಡಿಮೆ ಮಾಡಿ. ರೂಮು ಕಡಿಮೆ ಮಾಡಿ ಅಂತ ಎಲ್ಲೂ ಬರೆದಿಲ್ಲ. ಮೇಲೆ ಬಿಟ್ಟ ಜಾಗವನ್ನು ಹಿಂದಿನ ಭಾಗದಲ್ಲಿ ಹೇಗೆ ತುಂಬಿಕೊಳ್ಳಬಹುದು ಅಂತ ಆ ಇಂಜಿನಿಯರ್ ಕೈಯಲ್ಲೇ ಒಂದು ಸ್ಕೆಚ್ ಹಾಕಿ ಮನವಿಗೆ ಲಗತ್ತಿಸಿದ್ದಾರೆ.

ಬಂದ ಉತ್ತರ: ‘ನಮ್ಮ ಜಾಗ, ನಮ್ಮ ದುಡ್ಡು, ನಕ್ಷೆ ಪಾಸಾಗಿದೆ.’ ನಕ್ಷೆ ಪಾಸು ಮಾಡುವ ಕಚೇರಿಯಲ್ಲಿ ಕೇಳಿದರೆ, ‘ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಟ್ಟಿದ್ದಾರೆ, ಪಾರ್ಕಿಂಗ್ ತೋರಿಸಿದ್ದಾರೆ, ಇನ್ನೇನು ಬೇಕು?’ ಇದರ ಜೊತೆಗೆ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಇವರಿಗೆ ‘ಅಭಿವೃದ್ಧಿ ವಿರೋಧಿಗಳು’ ಅಂತ ಹೆಸರಿಟ್ಟರು. ಸಹಿ ಹಾಕಿದ ಮೇಷ್ಟ್ರು ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: ‘ಹೋಟ್ಲು ಬ್ಯಾಡ ಅಂತ ಯಾರಂದ್ರಪ್ಪಾ? ಬೆಟ್ಟ ಮುಚ್ಚಬ್ಯಾಡ್ರಿ ಅಂದ್ವಿ, ಅಷ್ಟೇ.’

ಚಿತ್ರದುರ್ಗ ನೋಡಿದವರಿಗೆ ಈ ಮಾತಿನ ತೂಕ ಗೊತ್ತು. ನಮ್ಮ ಕೋಟೆ ಊರಿನ ಹೊರಗೆ ಎಲ್ಲೋ ಟಿಕೆಟ್ ತಗೊಂಡು ನೋಡುವ ಜಾಗವಲ್ಲ. ಊರು ಬೆಳೆದಿದ್ದೇ ಕೋಟೆಯ ಮಡಿಲಲ್ಲಿ. ಏಳು ಸುತ್ತಿನ ಕೋಟೆಯ ಹೊರ ಸಾಲುಗಳು ಪೇಟೆಯ ಒಳಗೇ ಹಾದುಹೋಗಿವೆ. ರಂಗಯ್ಯನ ಬಾಗಿಲು ಈಗಲೂ ಮನೆ ಅಂಗಡಿಗಳ ನಡುವೆ ನಿಂತಿದೆ, ಅಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಬೆಟ್ಟದ ಮೇಲಿನ ಹೊಂಡಗಳ ನೀರು ಕೆಳಗೆ ಸಂತೆ ಹೊಂಡಕ್ಕೆ ಇಳಿಯುವ ಹಾಗೆ ನಾಯಕರ ಕಾಲದವರು ಮಾಡಿಟ್ಟಿದ್ದರು. ಬೆಟ್ಟ, ನೀರು, ಬೀದಿ ಮೂರನ್ನೂ ಒಟ್ಟಿಗೆ ಯೋಚಿಸಿ ಕಟ್ಟಿದ ಊರು ಇದು. ಉಚ್ಚಂಗಿ ಯಲ್ಲಮ್ಮನ ಗುಡಿಯ ಕಡೆಯಿಂದ ದೊಡ್ಡಪೇಟೆಯಲ್ಲಿ ನಡೆದು ಬರುವಾಗ ಮನೆಗಳ ಸಾಲಿನ ಮೇಲೆ ಬಂಡೆಗಳು ಕಾಣುತ್ತವಲ್ಲ, ಆ ನೋಟಕ್ಕೆ ಯಾರೂ ಬೆಲೆ ಕಟ್ಟಿಲ್ಲ. ಹಾಗಾಗಿ ಯಾವ ನಕ್ಷೆಯಲ್ಲೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಕಾನೂನು ಇಲ್ಲವೇ? ಇದೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದ ಮೇಲೆ, ರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದರ ಆಚೆ 200 ಮೀಟರ್‌ವರೆಗೆ ಅನುಮತಿ ಪಡೆದು ಕಟ್ಟಬೇಕು. ಈ ಹೋಟೆಲ್ ಆ 300 ಮೀಟರ್‌ನ ಹೊರಗೆ ಬರುತ್ತದೆ. ಅಲ್ಲಿಗೆ ಕೋಟೆಯ ಪರವಾಗಿ ಕೇಳುವವರು ಮುಗಿದರು. ಉಳಿದದ್ದು ಸೆಟ್‌ಬ್ಯಾಕ್, ಎಫ್‌ಎಆರ್ (ಸೈಟಿನ ಅಳತೆಗೆ ಒಟ್ಟು ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ), ಪಾರ್ಕಿಂಗ್. ಇವೆಲ್ಲ ಬೇಕಾದ ನಿಯಮಗಳೇ. ಆದರೆ ಇವು ಅಳೆಯುವುದು ಅಡಿಯನ್ನು, ಕಾರನ್ನು. ಈ ಕಟ್ಟಡ ಬೀದಿಗೆ ಮುಖ ಕೊಡುತ್ತದೋ ಬೆನ್ನು ಕೊಡುತ್ತದೋ ಅಂತ ಕೇಳುವ ಒಂದು ಸಾಲೂ ಅದರಲ್ಲಿಲ್ಲ. ಊರಿನ ಮಾಸ್ಟರ್ ಪ್ಲಾನ್ ಮಾಡುವಾಗ 1961ರ ನಗರ ಯೋಜನಾ ಕಾಯ್ದೆ ಪ್ರಕಾರ ಜನರಿಂದ ಆಕ್ಷೇಪಣೆ ಕರೆಯುತ್ತಾರೆ. ಒಂದು ಕಟ್ಟಡದ ನಕ್ಷೆಗೆ ಅಕ್ಕಪಕ್ಕದವರನ್ನು ಕೂರಿಸಿ ಕೇಳುವ ರೂಢಿ ನಮ್ಮಲ್ಲಿ ಇಲ್ಲ. ಪಾಯ ತೋಡಲು ಜೆಸಿಬಿ ಬಂದ ದಿನವೇ ಬೀದಿಗೆ ಸುದ್ದಿ ಗೊತ್ತಾಗುವುದು.

ನಾನಿರುವುದು ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್‌ನಲ್ಲಿ. ಹೋಲಿಕೆ ಸುಮ್ನೆ ಮಾಡುತ್ತಿಲ್ಲ. ಎರಡೂ ಊರಿನ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಎರಡೂ ಹಳೆಯ ಊರು. ಎರಡಕ್ಕೂ ಪ್ರವಾಸಿಗರು ಬರುತ್ತಾರೆ, ಹಾಗಾಗಿ ಎರಡಕ್ಕೂ ಹೋಟೆಲ್ ಬೇಕು. ಚಾರ್ಲ್‌ಸ್ಟನ್‌ನಲ್ಲಿ ಬಂಡೆ ಬೆಟ್ಟವಿಲ್ಲ, ಸಮತಟ್ಟು ಕಡಲ ತೀರ. ಅವರ ಆಕಾಶದಲ್ಲಿ ಎದ್ದು ಕಾಣುವುದು ಚರ್ಚುಗಳ ಗೋಪುರ. ಆ ಗೋಪುರಗಳ ಸಾಲು ಮುಚ್ಚಿಹೋಗಬಾರದು ಅಂತಲೇ ಹಳೇ ಊರಿನಲ್ಲಿ ಎತ್ತರಕ್ಕೆ ಮಿತಿ ಇಟ್ಟಿದ್ದಾರೆ.

1931ರಲ್ಲೇ ಆ ಊರು ಹಳೆಯ ಬಡಾವಣೆಗೆ ಪ್ರತ್ಯೇಕ ನಿಯಮ ಮಾಡಿ, ಕಟ್ಟಡಗಳ ವಿನ್ಯಾಸ ನೋಡಲು ಒಂದು ಮಂಡಳಿ ನೇಮಿಸಿತು. ಅಮೆರಿಕದಲ್ಲಿ ಇಂಥದ್ದು ಅದೇ ಮೊದಲು. ಇದು ಮೇಲಿನಿಂದ ಬಂದ ಯೋಚನೆಯಲ್ಲ. 1920ರಲ್ಲಿ ಒಂದು ಹಳೆಯ ಮನೆಯನ್ನು ಉಳಿಸಲು ಊರಿನವರು ಸಂಘ ಕಟ್ಟಿಕೊಂಡಿದ್ದರು, ಅಲ್ಲಿಂದ ಶುರುವಾದದ್ದು.

ಆ ಮಂಡಳಿಯ ಕೆಲಸದ ರೀತಿ ನನಗೆ ಬಹಳ ಇಷ್ಟ. ಮಾಲೀಕರು ನಕ್ಷೆಯನ್ನು ಮೂರು ಹಂತದಲ್ಲಿ ತರಬೇಕು. ಮೊದಲ ಹಂತದಲ್ಲಿ ಬಾಗಿಲು, ಬಣ್ಣದ ಮಾತು ಇಲ್ಲ. ಎಷ್ಟು ಎತ್ತರ, ಎಷ್ಟು ದಪ್ಪ, ಪಕ್ಕದ ಮನೆಗಳ ಜೊತೆ ಹೊಂದುತ್ತದೆಯೇ, ಅಷ್ಟೇ. ಅದು ಒಪ್ಪಿಗೆಯಾದ ಮೇಲೆ ವಿವರಗಳು. ಕೊನೆಯಲ್ಲಿ ದೊಡ್ಡ ಕಟ್ಟಡವಾದರೆ ಸೈಟಿನಲ್ಲೇ ಗೋಡೆಯ ಒಂದು ತುಂಡು ಮಾದರಿ ಕಟ್ಟಿ ತೋರಿಸಬೇಕು. ಅದೇ ಇಟ್ಟಿಗೆ, ಅದೇ ಗಾರೆ, ಅದೇ ಕಿಟಕಿ. ಕಾಗದದ ಮೇಲೆ ಚೆಂದ ಕಂಡದ್ದು ಬಿಸಿಲಿನಲ್ಲಿ ಹೇಗೆ ಕಾಣುತ್ತದೆ ಅಂತ ಎಲ್ಲರೂ ಹೋಗಿ ನೋಡಬಹುದು. ಸಭೆ ಎಲ್ಲರಿಗೂ ತೆರೆದಿರುತ್ತದೆ. ಸಭೆಗೆ ಮುಂಚೆ ಆ ಜಾಗದಲ್ಲೇ ಬೋರ್ಡು ನೆಡುತ್ತಾರೆ. ಅಕ್ಕಪಕ್ಕದವರು ಬಂದು ಎದ್ದು ನಿಂತು ಮಾತಾಡುತ್ತಾರೆ. ಮಂಡಳಿ ‘ಇಲ್ಲ’ ಅನ್ನುವುದಕ್ಕಿಂತ ‘ತಿದ್ದಿಕೊಂಡು ಬನ್ನಿ’ ಅನ್ನುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಅಂತ ನನ್ನ ಅನಿಸಿಕೆ.

ಇನ್ನೊಂದು ಮುಖ್ಯ ವಿಷಯ. ಆ ಮಂಡಳಿ ನೋಡುವುದು ರಸ್ತೆಯಿಂದ ಕಾಣುವ ಭಾಗವನ್ನು. ಒಳಗೆ ರೂಮು ಹೇಗೆ ಮಾಡಿಕೊಂಡಿರಿ ಅಂತ ಕೇಳುವುದಿಲ್ಲ, ಅದು ನಿಮ್ಮದು. ‘ನಮ್ಮ ಜಾಗ, ನಮ್ಮ ದುಡ್ಡು’ ಅನ್ನುವ ಮಾತಿಗೆ ಇದಕ್ಕಿಂತ ನ್ಯಾಯವಾದ ಉತ್ತರ ನನಗೆ ಗೊತ್ತಿಲ್ಲ. ಜಾಗ ಮಾಲೀಕರದ್ದೇ. ಆದರೆ ಕಟ್ಟಡದ ಹೊರಮುಖವನ್ನು ದಿನಾ ನೋಡುವವರು ಬೀದಿಯವರು. ರೂಮಿನಲ್ಲಿ ಒಂದು ರಾತ್ರಿ ಮಲಗುವ ಗಿರಾಕಿ ಬೆಳಿಗ್ಗೆ ಎದ್ದು ಹೋಗುತ್ತಾನೆ. ಎದುರಿನ ಅಂಗಡಿಯವರು ಮೂವತ್ತು ವರ್ಷ ಅದೇ ಗಾಜಿನಿಂದ ಬರುವ ಝಳವನ್ನು ತಿನ್ನಬೇಕು.

ಚಾರ್ಲ್‌ಸ್ಟನ್‌ನವರಿಗೂ ಇದು ಸುಲಭವಾಗಿ ಬಂದದ್ದಲ್ಲ. ಮೀಟಿಂಗ್ ಸ್ಟ್ರೀಟ್‌ನಲ್ಲಿ ಚಾರ್ಲ್‌ಸ್ಟನ್ ಹೋಟೆಲ್ ಅಂತ ಒಂದು ದೊಡ್ಡ ಕಟ್ಟಡವಿತ್ತು. 1839ರದ್ದು. ಮುಂದೆ ಸಾಲುಗಂಬಗಳು. ನೋಡಿದವರು ನಿಂತುಬಿಡುವಂಥದ್ದು ಅಂತ ಹಳೆಯ ಫೋಟೋ ನೋಡಿದರೇ ಗೊತ್ತಾಗುತ್ತದೆ. 1960ರಲ್ಲಿ ಅದನ್ನು ಕೆಡವಿ ಕಾರಿನವರಿಗಾಗಿ ಒಂದು ಮೋಟೆಲ್ ಕಟ್ಟಿದರು. ವಿನ್ಯಾಸ ಮಂಡಳಿ ಇದ್ದ ಊರಿನಲ್ಲೇ ಇದು ಆಯ್ತು. ಕೆಲವೇ ದಶಕದಲ್ಲಿ ಆ ಮೋಟೆಲ್ಲೂ ಹೋಯ್ತು. ಕಂಬಗಳು ವಾಪಸ್ ಬರಲಿಲ್ಲ.

1970ರ ದಶಕದ ಕೊನೆಯಲ್ಲಿ ಊರ ನಡುವೆ ಮತ್ತೊಂದು ದೊಡ್ಡ ಹೋಟೆಲ್ ಯೋಜನೆ ಬಂತು. ಈ ಸಲ ಜನ ಬಿಡಲಿಲ್ಲ. ಎತ್ತರ ಜಾಸ್ತಿಯಾಯ್ತು ಅಂತ ಹೋರಾಡಿದರು, ಕೋರ್ಟಿಗೂ ಹೋದರು. ವರ್ಷಗಟ್ಟಲೆ ಎಳೆದಾಟ. ಕೊನೆಗೆ ಎತ್ತರ ತಗ್ಗಿತು. ಎತ್ತರದ ಭಾಗ ರಸ್ತೆಯಿಂದ ಹಿಂದೆ ಸರಿಯಿತು. ರಸ್ತೆ ಬದಿಗೆ ಸಣ್ಣ ಅಂಗಡಿಗಳ ಸಾಲು ಬಂತು. 1986ರಲ್ಲಿ ಅದು ಚಾರ್ಲ್‌ಸ್ಟನ್ ಪ್ಲೇಸ್ ಅಂತ ಬಾಗಿಲು ತೆರೆಯಿತು. ಇವತ್ತಿಗೂ ನಡೆಯುತ್ತಿದೆ. ಕಿಂಗ್ ಸ್ಟ್ರೀಟ್‌ನಲ್ಲಿ ನಡೆಯುವಾಗ ಪಕ್ಕದಲ್ಲಿ ಅಷ್ಟು ದೊಡ್ಡ ಹೋಟೆಲ್ ಇದೆ ಅಂತ ಅನಿಸುವುದೇ ಇಲ್ಲ. ನಮ್ಮ ಬೀದಿಯವರು ಮನವಿಯಲ್ಲಿ ಕೇಳಿದ್ದೂ ಇದನ್ನೇ ಅಲ್ವಾ? ಮೇಲಿನದ್ದು ಹಿಂದೆ ಸರಿಯಲಿ, ಕೆಳಗೆ ಅಂಗಡಿ ಇರಲಿ. ಅವರು ಯಾರೂ ಚಾರ್ಲ್‌ಸ್ಟನ್ ನೋಡಿದವರಲ್ಲ. ತಮ್ಮ ಬೀದಿಯನ್ನು ಚೆನ್ನಾಗಿ ನೋಡಿದವರು.

2017ರಲ್ಲಿ ಅಲ್ಲಿ ಇನ್ನೊಂದು ಬದಲಾವಣೆ ಮಾಡಿದರು. ಎತ್ತರವನ್ನು ಅಡಿಗಳ ಬದಲು ಮಹಡಿಗಳ ಲೆಕ್ಕದಲ್ಲಿ ಇಟ್ಟರು. ಅಡಿ ಲೆಕ್ಕ ಇದ್ದಾಗ ಬಿಲ್ಡರ್‌ಗಳು ಒಂದೊಂದು ಮಹಡಿಯನ್ನೂ ಕುಗ್ಗಿಸಿ ಮೇಲೆ ಇನ್ನೊಂದನ್ನು ತುರುಕುತ್ತಿದ್ದರು. ಚಾವಣಿ ತಗ್ಗಾಗಿ, ಕಿಟಕಿ ಗಿಡ್ಡವಾಗಿ ಕಟ್ಟಡಗಳು ಪೆಟ್ಟಿಗೆಯ ಹಾಗೆ ಆಗುತ್ತಿದ್ದವು. ಅಳತೆಯ ಒಂದು ಸಣ್ಣ ನಿಯಮ ಇಡೀ ಬೀದಿಯ ರೂಪ ಬದಲಿಸಬಲ್ಲದು ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ. ನಮ್ಮ ಇಂಜಿನಿಯರುಗಳು ಇದನ್ನು ಗಮನಿಸಬೇಕು.

ಅಲ್ಲಿನದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಹಳೇ ಊರು ಚೆಂದವಾದಷ್ಟೂ ಅಲ್ಲಿ ಮನೆ ಬೆಲೆ ಏರಿತು. ತಲೆಮಾರುಗಳಿಂದ ಇದ್ದ ಕಪ್ಪು ಜನರ ಕುಟುಂಬಗಳು ಬಾಡಿಗೆ, ತೆರಿಗೆ ತಾಳಲಾರದೆ ಊರಂಚಿಗೆ ಹೋದವು. ಆ ಚೆಂದದ ಮನೆಗಳನ್ನು ಕಟ್ಟಿದ್ದು ಬಹುಪಾಲು ಗುಲಾಮರಾಗಿದ್ದ ಅವರ ಹಿರಿಯರ ಕೈಗಳು. ಇದು ನನಗೆ ಯಾವಾಗಲೂ ನೋವು ಕೊಡುವ ವಿಷಯ. ಚಿತ್ರದುರ್ಗದಲ್ಲಿ ನಾಳೆ ಇಂಥ ಮಂಡಳಿ ಬಂದರೆ, ಹೂವಿನವರನ್ನೂ ತಳ್ಳುಗಾಡಿಯವರನ್ನೂ ‘ಅಂದ ಕೆಡುತ್ತದೆ’ ಅಂತ ಎತ್ತಿಸುವ ಅಸ್ತ್ರ ಅದಾಗಬಾರದು. ಅದಕ್ಕೇ ಆ ಮನವಿಯಲ್ಲಿ ಹೂವು ಮಾರುವವರ ಸಹಿ ಇರುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

‘ನೀವು ಅಲ್ಲಿ ಕೂತು ಹೇಳೋದು ಸುಲಭ, ಅವರ ಹತ್ತಿರ ದುಡ್ಡಿದೆ’ ಅಂತ ಭಾವನ ಗೆಳೆಯರೊಬ್ಬರು ಹೇಳಿದರು. ದುಡ್ಡಿನ ಲೆಕ್ಕವನ್ನೇ ಮಾಡೋಣ. ಗಾಜಿನ ಮುಖ ಅಗ್ಗವಲ್ಲ. ದುರ್ಗದ ಬೇಸಿಗೆಯಲ್ಲಿ ಪಡುವಣದ ಗಾಜಿನ ಹಿಂದೆ ಎಸಿ ಇಲ್ಲದೆ ಯಾರೂ ಇರಲಾರರು, ಆ ಕರೆಂಟ್ ಬಿಲ್ ವರ್ಷವರ್ಷವೂ ಬರುತ್ತದೆ. ಧೂಳಿನ ಊರಿನಲ್ಲಿ ಗಾಜು ಒರೆಸುವ ಖರ್ಚು ಬೇರೆ. ನಮ್ಮ ಹಳೆಯ ಮಾಳಿಗೆ ಮನೆಗಳನ್ನು ನೋಡಿ. ದಪ್ಪ ಮಣ್ಣು ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ, ಮುಂದೆ ಜಗುಲಿ. ಮಧ್ಯಾಹ್ನ ಹೊರಗೆ ಬಂಡೆ ಕಾದು ಸಿಡಿಯುತ್ತಿದ್ದರೂ ಒಳಗೆ ತಂಪು. ಚಾರ್ಲ್‌ಸ್ಟನ್‌ನ ಹಳೆಯ ಮನೆಗಳದ್ದೂ ಇದೇ ಜಾಣತನ. ಒಂದು ಕೋಣೆಯಷ್ಟೇ ಅಗಲ, ಕಿರಿದಾದ ಬದಿ ರಸ್ತೆಗೆ, ಉದ್ದ ಬದಿಗೆ ಪೂರ್ತಿ ಪಡಸಾಲೆ. ಅದು ದಕ್ಷಿಣಕ್ಕೋ ಪಶ್ಚಿಮಕ್ಕೋ ತೆರೆದು ಕಡಲ ಗಾಳಿಯನ್ನು ಒಳಗೆ ಕರೆಯುತ್ತದೆ. ಅವರು ಹೊಸ ಕಟ್ಟಡದಲ್ಲೂ ಆ ಪಡಸಾಲೆಯನ್ನು ಮರೆತಿಲ್ಲ. ನಾವು ಜಗುಲಿಯನ್ನು ಯಾಕೆ ಇಷ್ಟು ಬೇಗ ಬಿಟ್ಟೆವು? ಹೋಟೆಲಿನ ಮುಂದೆ ಒಂದು ಉದ್ದದ ಕಲ್ಲಿನ ಕಟ್ಟೆ, ಮೇಲೆ ನೆರಳು ಇದ್ದರೆ ಮಾಲೀಕರಿಗೆ ಯಾವ ನಷ್ಟ? ಬಸ್ಸು ಕಾಯುವವರು ಕೂರುತ್ತಾರೆ, ಹತ್ತಿರದಲ್ಲೇ ಚಹಾ ಕುಡಿಯುತ್ತಾರೆ.

ಹಾಗಂತ ಹೋಟೆಲ್ ಮೇಲೆ ಕೋಟೆಯ ತೆನೆಗಳನ್ನು ಫೈಬರ್‌ನಲ್ಲಿ ಮಾಡಿ ಅಂಟಿಸಿ ಅಂತ ನಾನು ಕೇಳುತ್ತಿಲ್ಲ. ಅದು ಗಾಜಿಗಿಂತ ಕೆಟ್ಟದ್ದು. ಓಬವ್ವನ ಬೊಂಬೆಯನ್ನು ಬಾಗಿಲಿಗೆ ನಿಲ್ಲಿಸುವುದೂ ಬೇಡ. ಹೊಸ ಕಟ್ಟಡ ಹೊಸದಾಗಿಯೇ ಕಾಣಲಿ. ಕಿಟಕಿಗೆ ಆಳ ಇರಲಿ, ಗೋಡೆಗೆ ಇಲ್ಲಿನ ಕಲ್ಲು ಇರಲಿ, ಎತ್ತರ ಬೆಟ್ಟಕ್ಕೆ ಅಡ್ಡ ಬರದಿರಲಿ. ಕಲ್ಲು ಕೆಲಸ ಗೊತ್ತಿರುವ ಕೈಗಳು ಸುತ್ತಲ ಹಳ್ಳಿಗಳಲ್ಲಿ ಇನ್ನೂ ಇವೆ.

ಇಷ್ಟಕ್ಕೆ ಹೊಸ ಕಾನೂನು ಬರುವವರೆಗೂ ಕಾಯಬೇಕಿಲ್ಲ. ದೊಡ್ಡ ಕಟ್ಟಡದ ನಕ್ಷೆ ಒಪ್ಪುವ ಮುಂಚೆ ಅದರ ಚಿತ್ರವನ್ನು, ಹಿಂದಿನ ಬೆಟ್ಟವನ್ನೂ ಸೇರಿಸಿ, ಸೈಟಿನ ಮುಂದೆ ಒಂದು ಫ್ಲೆಕ್ಸ್ ಹಾಕಿ ಮೂರು ವಾರ ಇಡಲಿ. ಒಂದು ಸಂಜೆ ಸಭೆ ಕರೆಯಲಿ. ಮದುವೆ ಮನೆಯ ಚಪ್ಪರಕ್ಕೂ ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿ ಹಾಕುವ ಜನ ನಾವು. ನಲವತ್ತು ವರ್ಷ ನಿಲ್ಲುವ ಕಟ್ಟಡಕ್ಕೆ ಒಂದು ಮಾತು ಕೇಳುವುದು ಹೆಚ್ಚಾಯ್ತೇ?

ಭಾವ ಮೊನ್ನೆ ಹೇಳಿದ ಪ್ರಕಾರ ಪಾಯ ತೋಡಿದ್ದಾರೆ, ಕಾಲಂ ಇನ್ನೂ ಎದ್ದಿಲ್ಲ. ಗಾಜಿನ ಆರ್ಡರ್ ಕೊಟ್ಟಿಲ್ಲ. ಈಗ ಬದಲಿಸಿದರೆ ಹೋಗುವುದು ಕಾಗದದ ಖರ್ಚು, ಆರು ತಿಂಗಳು ಬಿಟ್ಟರೆ ಕಾಂಕ್ರೀಟಿನ ಖರ್ಚು. ಕೋರ್ಟಿನ ದಾರಿಯಲ್ಲಿ ಚಾರ್ಲ್‌ಸ್ಟನ್‌ನವರು ಕಳೆದಷ್ಟು ವರ್ಷ ನಮ್ಮವರು ಕಳೆಯುವುದು ಬೇಡ. ಮಾಲೀಕರು ಮೇಷ್ಟ್ರ ಮನೆಗೆ ಹೋಗಲಿ, ಇಲ್ಲವೇ ಮೇಷ್ಟ್ರು ಅವರ ಸೈಟಿಗೆ ಬರಲಿ. ಇಂಜಿನಿಯರ್ ಹಾಕಿಕೊಟ್ಟ ಸ್ಕೆಚ್ಚನ್ನು ಮುಂದಿಟ್ಟುಕೊಂಡು ಈ ತಿಂಗಳೇ ಕೂತು ಮಾತಾಡಲಿ. ಹೊಸ ನಕ್ಷೆ ಬರೆಸಲು ಆರ್ಕಿಟೆಕ್ಟ್‌ಗೆ ಕೊಡಬೇಕಾದ ಫೀಸಿನಲ್ಲಿ ನನ್ನ ಪಾಲು ಕೊಡಲು ನಾನು ಸಿದ್ಧ, ಭಾವನಿಗೆ ಹೇಳಿದ್ದೇನೆ.