ದಮಸ್ಕಕ್ಕೆ ಆಮೆನ್ ಹೇಳುವ ಮುಂಚೆ

ಪಶ್ಚಿಮ ಏಷ್ಯಾದಲ್ಲಿ ಎಲ್ಲಾದರೂ ಬಾಂಬ್ ಬಿತ್ತು ಅಂದ್ರೆ ನಮ್ಮ ನೆಂಟರ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು ತಪ್ಪದೆ ಬರುತ್ತದೆ. ಬೈಬಲಿನಲ್ಲಿ ಪ್ರವಾದಿ ಯೆಶಾಯನ ಪುಸ್ತಕ, 17ನೇ ಅಧ್ಯಾಯ, ಮೊದಲ ವಚನ. ದಮಸ್ಕ, ಅಂದರೆ ಸಿರಿಯಾದ ಡಮಾಸ್ಕಸ್, ಇನ್ನು ಊರಾಗಿ ಉಳಿಯುವುದಿಲ್ಲ, ಹಾಳು ದಿಬ್ಬವಾಗುತ್ತದೆ ಅಂತ. ಕೆಳಗೆ ಸಾಲು ಸಾಲು ಆಮೆನ್. ಒಂದು ಊರು ಹಾಳಾಗಲಿ ಅನ್ನುವುದಕ್ಕೆ ಆಮೆನ್ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆ ಮಾತಿಗೆ ಅದರದೇ ಕಾಲ ಇತ್ತು. ಕ್ರಿ.ಪೂ. 732ರಲ್ಲಿ ಅಶ್ಶೂರದ (ಅಸ್ಸೀರಿಯಾದ) ರಾಜ ಮೂರನೇ ತಿಗ್ಲತ್ಪಿಲೆಸರ್ ದಮಸ್ಕವನ್ನು ಹಿಡಿದ. ಅದಿರಲಿ, ಅದೇ ಅಧ್ಯಾಯದ ಮೂರನೇ ವಚನದಲ್ಲಿ ಎಫ್ರಾಯೀಮಿನ ಕೋಟೆಯೂ ಹೋಗುತ್ತದೆ. ಎಫ್ರಾಯೀಮ್ ಅಂದರೆ ಇಸ್ರಾಯೇಲೇ, ಉತ್ತರದ ರಾಜ್ಯ! ದಮಸ್ಕ ಬಿದ್ದ ಹತ್ತು ವರ್ಷಕ್ಕೆ ಅದರ ರಾಜಧಾನಿ ಸಮಾರ್ಯವೂ ಬಿತ್ತು. ಫಾರ್ವರ್ಡ್ ಮಾಡುವವರು ಮೂರನೇ ವಚನ ಯಾವತ್ತೂ ಹಾಕುವುದಿಲ್ಲ.

ಈ ಆಟವನ್ನು ಚೆನ್ನಾಗಿ ಬಲ್ಲವನು ಇನ್ನೊಬ್ಬ ಪ್ರವಾದಿ, ಆಮೋಸ. ತೆಕೋವದ ಕುರಿಗಾಹಿ, ಅತ್ತಿಮರ ನೋಡಿಕೊಳ್ಳುತ್ತಿದ್ದವನು. ಇಸ್ರಾಯೇಲಿಗೆ ಬಂದು ಸುತ್ತಲಿನ ದೇಶಗಳನ್ನು ಒಂದೊಂದಾಗಿ ಹಿಡಿದು ಜಾಡಿಸುತ್ತಾನೆ. ದಮಸ್ಕದವರು ಇಸ್ರಾಯೇಲಿನ ಗಿಲ್ಯಾದನ್ನು ಕಣದಲ್ಲಿ ಕಾಳು ಬಡಿದಂತೆ ಕಬ್ಬಿಣದ ಹಂತಿಕುಂಟೆಯಿಂದ ಬಡಿದರು. ಗಾಜಾದವರು ಊರಿಗೆ ಊರನ್ನೇ ಹಿಡಿದು ಎದೋಮಿಗೆ ಒಪ್ಪಿಸಿದರು. ಆಮೇಲೆ ತೂರ್, ಎದೋಮ್, ಅಮ್ಮೋನ್, ಮೋವಾಬ್. ಕೇಳುವವರು ತಲೆದೂಗುತ್ತಿದ್ದಿರಬೇಕು. ಏಳನೆಯದು ಯೆಹೂದ, ಇಸ್ರಾಯೇಲಿನ ದಕ್ಷಿಣಕ್ಕಿದ್ದ ಸೋದರ ರಾಜ್ಯ. ಎಂಟನೆಯದು ಎದುರಿಗೆ ಕೂತವರೇ. ಒಂದು ಜೊತೆ ಕೆರಕ್ಕೆ ಬಡವನನ್ನು ಮಾರಿದವರು ನೀವು, ಅಂತ.

ಮೋವಾಬಿನ ತಪ್ಪು ಏನು ಗೊತ್ತಾ? ಎದೋಮಿನ ರಾಜನ ಮೂಳೆಗಳನ್ನು ಸುಣ್ಣವಾಗುವ ತನಕ ಸುಟ್ಟದ್ದು. ಇದರಲ್ಲಿ ಇಸ್ರಾಯೇಲಿಗೆ ಆದ ನಷ್ಟ ಏನೂ ಇಲ್ಲ. ಎದೋಮನ್ನಂತೂ ಆಮೋಸ ಆಗ ತಾನೇ ಬೈದು ಮುಗಿಸಿದ್ದ. ಆದರೂ ಸತ್ತ ಆ ರಾಜನ ಪರವಾಗಿ ಲೆಕ್ಕ ಕೇಳುತ್ತಾನೆ. ನಮ್ಮವರು, ಬೇರೆಯವರು ಅನ್ನುವ ತಕ್ಕಡಿಯೇ ಅಲ್ಲ ಅದು.

ಎಲ್ಲ ಪ್ರವಾದಿಗಳೂ ಹೀಗೇ ಅಂತ ಹೇಳುತ್ತಿಲ್ಲ. ನಹೂಮನ ಪುಸ್ತಕ ಅಶ್ಶೂರದ ರಾಜಧಾನಿ ನಿನೆವೆಗೆ ಬಿದ್ದ ಏಟಿಗೆ ಚಪ್ಪಾಳೆಯ ಮಾತಿನಲ್ಲೇ ಮುಗಿಯುತ್ತದೆ. ಅವನ ಸಿಟ್ಟು ಸುಮ್ನೆ ಬಂದದ್ದಲ್ಲ. ಕ್ರಿ.ಪೂ. 701ರಲ್ಲಿ ಯೆಹೂದದ ಊರು ಲಾಕೀಷನ್ನು ಹಿಡಿದದ್ದನ್ನು ಅಶ್ಶೂರದ ರಾಜ ಸನ್ಹೇರೀಬ ತನ್ನ ಅರಮನೆ ಗೋಡೆಯಲ್ಲಿ ಕೆತ್ತಿಸಿಕೊಂಡ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಜೀವಂತ ಜನರ ಚರ್ಮ ಸುಲಿಯುವ ಚಿತ್ರವೂ ಅದರಲ್ಲಿದೆ. ಮಾಡಿದ್ದಲ್ಲದೆ, ಹೆಮ್ಮೆಯಿಂದ ಕೆತ್ತಿಸಿಟ್ಟವರು!

ಅಂಥ ಅಶ್ಶೂರದ ಬಗ್ಗೆ ಯೆಶಾಯ 19ರ ಕೊನೆಯಲ್ಲಿ ಏನಿದೆ ನೋಡಿ. ಅಧ್ಯಾಯ ಶುರುವಾಗುವುದು ಐಗುಪ್ತದ, ಅಂದರೆ ಈಜಿಪ್ಟಿನ, ಶಿಕ್ಷೆಯಿಂದ. ನೈಲ್ ಬತ್ತುತ್ತದೆ, ಬೆಸ್ತರು ಗೋಳಾಡುತ್ತಾರೆ. ಮುಗಿಯುವಾಗ ಐಗುಪ್ತದಿಂದ ಅಶ್ಶೂರಕ್ಕೆ ಹೆದ್ದಾರಿ ಆಗಿದೆ. ಇಬ್ಬರೂ ಕೂಡಿ ಆರಾಧನೆ ಮಾಡುತ್ತಾರೆ. ಇಸ್ರಾಯೇಲ್ ಅವರ ಜೊತೆಗೆ ಮೂರನೆಯದು. ಯೆಹೋವನ ಆಶೀರ್ವಾದ ಹೀಗೆ: ನನ್ನ ಜನ ಐಗುಪ್ತ, ನನ್ನ ಕೈಕೆಲಸ ಅಶ್ಶೂರ, ನನ್ನ ಸ್ವಾಸ್ತ್ಯ (ಸ್ವಂತ ಸೊತ್ತು) ಇಸ್ರಾಯೇಲ್. ಹಿಂದೆ ಇಸ್ರಾಯೇಲರನ್ನು ಗುಲಾಮರಾಗಿ ದುಡಿಸಿ ಸಾಯಿಸಿದವರಿಗೆ 'ನನ್ನ ಜನ' ಅನ್ನುವ ಹೆಸರು!

ಕಳೆದ ವಾರ ದಮಸ್ಕದ ಮೆಸೇಜು ಬಂದಾಗ ನಾನು ಇದನ್ನು ಹಾಕಿದೆ. ಒಂದೂ ಆಮೆನ್ ಬರಲಿಲ್ಲ. ರಾತ್ರಿ ನಮ್ಮ ಮಾವ ಮಾತ್ರ ಬರೆದರು: "ಇದು ಪ್ರಿಂಟ್ ತಪ್ಪಿರ್ಬೇಕು ಕಣೋ, ಸರಿಯಾಗಿ ನೋಡು."

ಮಾವನನ್ನು ನೋಡಿ ನಗುವ ಹಾಗಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಇದನ್ನು ಗ್ರೀಕಿಗೆ ತಂದ ಯೆಹೂದ್ಯರಿಗೂ ಈ ವಚನ ನುಂಗಲಾಗದ ತುತ್ತಾಗಿತ್ತು ಅಂತ ಕಾಣುತ್ತದೆ. ಅವರ ಅನುವಾದದಲ್ಲಿ 'ನನ್ನ ಜನ ಐಗುಪ್ತ' ಹೋಗಿ 'ಐಗುಪ್ತದಲ್ಲಿರುವ ನನ್ನ ಜನ' ಆಗಿದೆ. ಒಂದು 'ಅಲ್ಲಿ' ಸೇರಿಸಿದರು, ಐಗುಪ್ತದವರು ಆಶೀರ್ವಾದದಿಂದ ಆಚೆ ಬಿದ್ದರು.

ಈ ಭಾನುವಾರ ಮಾವ ಊಟಕ್ಕೆ ಬರ್ತಾರೆ. ಅಜ್ಜಿಯ ಹಳೇ ಸತ್ಯವೇದ ಕೆಳಗಿಳಿಸಿ ಇಟ್ಟಿದ್ದೀನಿ, 19ನೇ ಅಧ್ಯಾಯಕ್ಕೆ ಚೀಟಿ ಹಾಕಿ.