ಚೀಟಿ ಇದ್ದವರಿಗೆ ಮಾತ್ರ ಬುದ್ಧಿವಾದ

ಈಗಷ್ಟೇ ಮನೆಗೆ ಬಂದೆ. ಕೋಪ ಇನ್ನೂ ಇಳಿದಿಲ್ಲ, ಹಾಗಾಗಿ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಅಮ್ಮನ ಥೈರಾಯ್ಡ್ ಮಾತ್ರೆ ತರೋಕೆ ಜಯನಗರದ ಒಂದು ಮೆಡಿಕಲ್ ಶಾಪ್‌ಗೆ ಹೋಗಿದ್ದೆ. ನನ್ನ ಮುಂದೆ ಒಬ್ಬಳು ಹುಡುಗಿ. ಆಫೀಸಿನ ಐಡಿ ಕಾರ್ಡ್ ಇನ್ನೂ ಕತ್ತಿನಲ್ಲೇ ಇತ್ತು. ಚೀಟಿ ಕೊಟ್ಟಳು. ಅಂಗಡಿಯವನು ಅದನ್ನು ನೋಡಿ, ಬೀದಿಗೆಲ್ಲ ಕೇಳೋ ಹಾಗೆ, "ಎಸಿಟಾಲೋಪ್ರಾಮ್... ಟೆನ್ಷನ್ ಮಾತ್ರೆ ಅಲ್ವಾಮ್ಮಾ?" ಅಂದ. ಪಕ್ಕದಲ್ಲಿದ್ದ ಅಂಕಲ್ ಒಬ್ಬರು ತಕ್ಷಣ ಕಿವಿ ನಿಮಿರಿಸಿದರು. "ಈ ವಯಸ್ಸಿಗೆ ಇದೆಲ್ಲ ಯಾಕಮ್ಮಾ? ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ. ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡು, ಎಲ್ಲ ಸರಿಹೋಗುತ್ತೆ." ಹುಡುಗಿ ತಲೆ ಎತ್ತಲಿಲ್ಲ. ಫೋನ್‌ನಲ್ಲಿ ದುಡ್ಡು ಕಳಿಸಿ, ಬಿಲ್ ಕೂಡ ತಗೊಳ್ಳದೆ ಹೋದಳು.

ಆಮೇಲೆ ಅಂಕಲ್ ಸರದಿ. "ನಂದು ಅದೇ ನಿದ್ದೆ ಮಾತ್ರೆ ಕೊಡಪ್ಪ, ಆಲ್ಪ್ರಜೋಲಾಮ್, ಒಂದು ಶೀಟ್." ಚೀಟಿ? ಇಲ್ಲ. ಕೇಳಲೂ ಇಲ್ಲ. ಕೊಟ್ಟ. ಇವರು ಜೇಬಿಗೆ ಹಾಕಿಕೊಂಡರು. ಈ ಸಲ ಯಾರಿಗೂ ಪ್ರಾಣಾಯಾಮ ನೆನಪಾಗಲಿಲ್ಲ.

"ಶುರು ಮಾಡಿದ್ರೆ ಬಿಡೋಕಾಗಲ್ಲ" ಅನ್ನೋ ಮಾತು ಸರಿಯಾಗಿ ಹೊಂದುವುದೇ ಅವರ ಜೇಬಿನಲ್ಲಿದ್ದ ಮಾತ್ರೆಗೆ. ಆಲ್ಪ್ರಜೋಲಾಮ್ ನುಂಗಿದರೆ ಸ್ವಲ್ಪ ಹೊತ್ತಿಗೇ ಹಾಯಾಗುತ್ತದೆ. ಅದೇ ಅದರ ತೊಂದರೆ. ದಿನಾ ತಗೊಂಡರೆ ಕೆಲವೇ ವಾರಗಳಲ್ಲಿ ಮೈಗೆ ಒಗ್ಗಿಬಿಡುತ್ತದೆ, ನಿನ್ನೆಯ ಡೋಸ್ ಇವತ್ತು ಸಾಲುವುದಿಲ್ಲ. ವಯಸ್ಸಾದವರು ತೂಕಡಿಸಿ ಬೀಳುತ್ತಾರೆ. ಜೊತೆಗೆ ಎರಡು ಪೆಗ್ ಸೇರಿದರೆ ಉಸಿರಿಗೇ ಅಪಾಯ. ಅದಕ್ಕೇ ಸರ್ಕಾರ ಇದನ್ನು ಶೆಡ್ಯೂಲ್ ಎಚ್1 ಪಟ್ಟಿಗೆ ಸೇರಿಸಿದ್ದು. 2014ರಿಂದ ಅಂಗಡಿಯವರು ಚೀಟಿ ನೋಡಲೇಬೇಕು, ರೋಗಿಯ ಹೆಸರು, ಡಾಕ್ಟರ ಹೆಸರು ಎಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ನಾನು ನೋಡಿದ ಅಂಗಡಿಯಲ್ಲಿ ಬರೆದಿದ್ದು ಕ್ಯಾಲ್ಕುಲೇಟರ್ ಪಕ್ಕದ ರಟ್ಟಿನ ಮೇಲೆ ನೂರು ಚಿಲ್ಲರೆ ರೂಪಾಯಿ ಲೆಕ್ಕ, ಅಷ್ಟೇ.

ಆ ಹುಡುಗಿ ತಗೊಂಡ ಎಸಿಟಾಲೋಪ್ರಾಮ್ ಆತಂಕ, ಖಿನ್ನತೆಗೆ ಕೊಡುವ ಮಾತ್ರೆ, ಅದರ ಜಾತಿಯೇ ಬೇರೆ. ಅದು ನುಂಗಿದ ತಕ್ಷಣ ಮಜಾ ಕೊಡುವುದಿಲ್ಲ. ಕೆಲಸ ಶುರುವಾಗೋಕೇ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಇನ್ನೊಂದು ಬೇಕು, ಮತ್ತೊಂದು ಬೇಕು ಅಂತ ಚಟ ಹತ್ತುವುದಿಲ್ಲ. ಹಾಗಂತ ಒಂದು ದಿನ ಮೂಡ್ ಬಂದು ನಿಲ್ಲಿಸುವ ಹಾಗೂ ಇಲ್ಲ. ತಲೆ ಸುತ್ತು, ಸಿಡಿಮಿಡಿ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಂ ಅನ್ನುವುದು, ಇವೆಲ್ಲ ಬರಬಹುದು. ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಿ ಬಿಡಬೇಕು. "ಬಿಟ್ಬಿಡಮ್ಮಾ" ಅಂತ ಕೌಂಟರ್ ಪಕ್ಕ ನಿಂತು ಹೇಳೋದು ಅಷ್ಟು ಬಿಟ್ಟಿ ಮಾತಲ್ಲ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಾನೂ ಇದೇ ಮಾತ್ರೆ ತಗೊಂಡಿದ್ದೇನೆ. ಎದೆ ಡವಡವ, ಕೈ ಜೋಮು, ಸತ್ತೇ ಹೋದೆ ಅಂತ ರಾತ್ರೋರಾತ್ರಿ ಜಯದೇವ ಹೃದಯದ ಆಸ್ಪತ್ರೆಗೆ ಓಡಿದ್ದು, ಇಸಿಜಿ ನಾರ್ಮಲ್ ಬಂದಿದ್ದು ಹಳೇ ಕಥೆ. ಹೇಳದೇ ಇದ್ದಿದ್ದು ಒಂದಿದೆ. ಹಾರ್ಟ್ ಚೆನ್ನಾಗಿದೆ ಅಂದಾಗ ನನಗೆ ಒಳಗೊಳಗೇ ಬೇಜಾರಾಗಿತ್ತು. ಹಾರ್ಟ್ ತೊಂದರೆ ಅಂದಿದ್ದರೆ ನೆಂಟರು ಸೇಬು, ಮೋಸಂಬಿ ಹಿಡಿದು ನೋಡೋಕೆ ಬರುತ್ತಿದ್ದರು. ಆತಂಕದ ಕಾಯಿಲೆ ಅಂದರೆ ಬರಿಗೈಯಲ್ಲಿ ಬಂದು, ಕಾಫಿ ಕುಡಿದು, ಬುದ್ಧಿ ಹೇಳಿ ಹೋಗುತ್ತಾರೆ.

ಮಾತ್ರೆಯ ಮೊದಲ ದಿನಗಳು ಚೆನ್ನಾಗಿರಲಿಲ್ಲ. ವಾಕರಿಕೆ, ಅರೆಬರೆ ನಿದ್ದೆ, ಇದ್ದ ಗಾಬರಿಯೂ ಇನ್ನಷ್ಟು. ಹೀಗಾಗಬಹುದು ಅಂತ ಡಾಕ್ಟರು ಮೊದಲೇ ಹೇಳಿ, 5 ಎಂಜಿಯಿಂದ ಶುರು ಮಾಡಿಸಿದ್ದರು. ಆ ವಾರ ನನಗೆ ಇಂಥ ಅಂಕಲ್ ಒಬ್ಬರು ಸಿಕ್ಕಿದ್ದರೆ ಸ್ಟ್ರಿಪ್ ಸೀದಾ ಕಸದ ಬುಟ್ಟಿಗೆ. ಆ ಹುಡುಗಿ ಯಾವ ವಾರದಲ್ಲಿದ್ದಳೋ. ನನ್ನ ಕೋಪಕ್ಕೆ ಕಾರಣ ಇದೇ.

"ಯೋಗದಿಂದ ಒಳ್ಳೇದಾಗಲ್ವಾ?" ಅಂತ ಕೇಳೋರು ಇರುತ್ತೀರಿ. ಆಗುತ್ತೆ ಸ್ವಾಮಿ. ಮಾನಸಿಕ ಕಾಯಿಲೆಗಳ ದೊಡ್ಡ ಆಸ್ಪತ್ರೆ ನಿಮ್ಹಾನ್ಸ್‌ನಲ್ಲೇ ಯೋಗ ಹೇಳಿಕೊಡುತ್ತಾರೆ. ಕೌನ್ಸೆಲಿಂಗ್ ಒಂದರಿಂದಲೇ ಸುಧಾರಿಸುವವರೂ ಇದ್ದಾರೆ. ಐದು ನಿಮಿಷಕ್ಕೆ ಚೀಟಿ ಗೀಚಿ "ನೆಕ್ಸ್ಟ್" ಅನ್ನೋ ಡಾಕ್ಟರೂ ಇದ್ದಾರೆ, ಅಂಥವರ ಮುಂದೆ ನಾನೂ ಕೂತು ಬಂದಿದ್ದೇನೆ. ಆದರೆ ಯಾರಿಗೆ ಯಾವುದು ಅಂತ ನಿರ್ಧರಿಸೋದು ಮೆಡಿಕಲ್ ಶಾಪ್ ಮೆಟ್ಟಿಲ ಮೇಲೆ ಅಲ್ಲ. ಬಿಪಿ ಮಾತ್ರೆ ತಗೊಳ್ಳೋರಿಗೆ ಉಪ್ಪು ಕಮ್ಮಿ ಮಾಡಿ ಅಂತೀವಿ, ಮಾತ್ರೆ ಬಿಸಾಕಿ ಅಂತೀವಾ?

ನಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ. ನಾವು ಅದನ್ನು ಬಳಸೋದು ಜಾಸ್ತಿ ಬೈಗುಳಕ್ಕೆ. "ಇವನನ್ನು ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅಂತ ನಗುತ್ತೇವೆ. ಹೊಸೂರು ರಸ್ತೆಯ ಆ ಗೇಟು ದಾಟೋಕೆ ಜನ ಹೆದರುತ್ತಾರೆ. ಬಿಟಿಎಂ ಲೇಔಟ್‌ನಲ್ಲೂ ಅವರದೇ ಒಂದು ಕೇಂದ್ರ ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರೇ ಮುಂದೆ ನಿಂತು ಮಾಡಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ತೊಂದರೆ ಇರುವವರಲ್ಲಿ, ಯಾವ ಕಾಯಿಲೆ ಅನ್ನೋದಕ್ಕೆ ತಕ್ಕ ಹಾಗೆ, ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ. ಚೀಟಿ ಹಿಡಿದು ಕೌಂಟರ್ ತನಕ ಬಂದವಳು ಅಷ್ಟು ದೂರ ದಾಟಿ ಬಂದಿದ್ದಾಳೆ. ಅವಳನ್ನು ವಾಪಸ್ ಕಳಿಸೋಕೆ ನಮ್ಮ ಅಂಕಲ್ ರೆಡಿ.

ಯಾರಿಗಾದರೂ ಬೇಕಾದರೆ ಇರಲಿ: ಟೆಲಿ ಮಾನಸ್, ಮಾನಸಿಕ ತೊಂದರೆಗೆ ಸರ್ಕಾರದ ಸಹಾಯವಾಣಿ, 14416. ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿಗೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ತಗೊಳ್ಳುತ್ತಿರೋರು ಏನಾದರೂ ಅನುಮಾನ ಬಂದರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ, ನನ್ನನ್ನೂ ಬೇಡ. ಅಶ್ವಗಂಧದ ಲಿಂಕ್ ಕಳಿಸೋ ಚಿಕ್ಕಮ್ಮಂದಿರು ದಯವಿಟ್ಟು ಈ ಸಲ ಬಿಡುವು ಮಾಡಿಕೊಳ್ಳಿ. ಹೋದ ಸಲ ನೀವು ಕಳಿಸಿದ ಡಬ್ಬಿ ಇನ್ನೂ ಸೀಲ್ ಒಡೆದಿಲ್ಲ, ಯಾರಿಗಾದರೂ ಬೇಕಿದ್ದರೆ ಮನೆಗೆ ಬಂದು ತಗೊಂಡು ಹೋಗಿ.